ಒಂಬತ್ತನೇ ತರಗತಿಯ ‘ಬಿ’: ಅಂಕ ಮನೆ ತಲುಪುವುದು ಯಾವಾಗ?

ಒಂಬತ್ತನೇ ತರಗತಿಯ ಪ್ರಗತಿ ಪತ್ರದಲ್ಲಿ ಗಣಿತದ ಮುಂದೆ ‘ಬಿ’ ಎಂದು ನಮೂದಾಗಿದ್ದರೆ ಅದು ಒಳ್ಳೆಯ ಫಲಿತಾಂಶವೇ? ‘ಎ’ ನಂತರ ಬರುವುದು ‘ಬಿ’, ಆದ್ದರಿಂದ ಮಗು ಎರಡನೇ ದರ್ಜೆಯಲ್ಲಿದೆ ಎಂದು ಪೋಷಕರು ಭಾವಿಸುವುದು ಸಹಜ. ವಾಸ್ತವ ಹಾಗಿಲ್ಲ. ಸಿಸಿಇ ಎಂದು ಕರೆಯಲಾಗುವ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಲ್ಲಿ ಶೇ 90ರಿಂದ 100 ‘ಎ+’, 70ರಿಂದ 89 ‘ಎ’, 50ರಿಂದ 69 ‘ಬಿ+’. ‘ಬಿ’ ಎಂದರೆ ಕೇವಲ 30ರಿಂದ 49. ಅದರ ಕೆಳಗೆ ಉಳಿದಿರುವುದು ‘ಸಿ’ ಒಂದೇ.

ಮರುವರ್ಷ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅದೇ ಅಕ್ಷರದ ಅರ್ಥ ಬದಲಾಗುತ್ತದೆ. ಅಲ್ಲಿ ‘ಬಿ’ ಎಂದರೆ 625ಕ್ಕೆ 375ರಿಂದ 437 ಅಂಕ, ಅಂದರೆ ಶೇ 60ರಿಂದ 70ರ ಆಸುಪಾಸು. ಒಂದೇ ಶಾಲೆ, ಒಂದೇ ಮಗು, ಒಂದೇ ಅಕ್ಷರ. ಅಳತೆಗೋಲು ಮಾತ್ರ ಬೇರೆ. ಇದನ್ನು ಬಿಡಿಸಿ ಹೇಳುವವರಿಲ್ಲದೆ ಪತ್ರಕ್ಕೆ ಸಹಿ ಬಿದ್ದು ಮರಳಿದರೆ, ಆ ಸಹಿಯಿಂದ ಮಗುವಿಗೆ ಆಗುವ ಪ್ರಯೋಜನ ಏನೂ ಇಲ್ಲ.

ಆರು ಅವಕಾಶಗಳು

ಪ್ರೌಢಶಾಲೆಯ ವರ್ಷದಲ್ಲಿ ಆರು ಮೌಲ್ಯಮಾಪನಗಳಿವೆ. ಎಫ್‌ಎ ಎಂಬ ರೂಪಣಾತ್ಮಕ ಮೌಲ್ಯಮಾಪನ ನಾಲ್ಕು, ಎಸ್‌ಎ ಎಂಬ ಸಂಕಲನಾತ್ಮಕ ಮೌಲ್ಯಮಾಪನ ಎರಡು. ಮೊದಲೆರಡು ಎಫ್‌ಎ ಹಾಗೂ ಒಂದು ಎಸ್‌ಎ ದಸರಾ ರಜೆಯ ವೇಳೆಗೆ ಮುಗಿಯುತ್ತವೆ. ಉಳಿದ ಮೂರು ರಜೆಯ ನಂತರ. ಎಫ್‌ಎಯ ಉದ್ದೇಶ ಅಂಕ ಕೊಡುವುದಷ್ಟೇ ಅಲ್ಲ, ಕಲಿಕೆಯ ಕೊರತೆಯನ್ನು ಪಾಠ ನಡೆಯುತ್ತಿರುವಾಗಲೇ ಗುರುತಿಸುವುದು. ಜುಲೈ ತಿಂಗಳ ಪರೀಕ್ಷೆಯ ಉತ್ತರ ಪತ್ರಿಕೆ ದಸರಾ ಕಳೆದು ಕೈ ಸೇರಿದರೆ ಆ ಉದ್ದೇಶವೇ ವಿಫಲವಾದಂತೆ.

ವಿಳಂಬಕ್ಕೆ ಶಿಕ್ಷಕರನ್ನೇ ದೂರುವುದು ನ್ಯಾಯವಲ್ಲ. ಅನೇಕ ಗ್ರಾಮೀಣ ಪ್ರೌಢಶಾಲೆಗಳಲ್ಲಿ ಒಂದು ವಿಷಯಕ್ಕೆ ಒಬ್ಬರೇ ಶಿಕ್ಷಕರು. ಎಂಟರಿಂದ ಹತ್ತರವರೆಗಿನ ಪತ್ರಿಕೆಗಳನ್ನೆಲ್ಲ ಅವರೇ ತಿದ್ದಬೇಕು, ಚಟುವಟಿಕೆಗಳ ದಾಖಲೆ ಇಡಬೇಕು, ಅಂಕಗಳನ್ನು ‘ಸ್ಯಾಟ್ಸ್’ ತಂತ್ರಾಂಶಕ್ಕೆ ಏರಿಸಬೇಕು. ಇಲಾಖೆಗೆ ಅಂಕ ತಲುಪಿಸಲು ಗಡುವಿರುತ್ತದೆ. ಮನೆಗೆ ತಲುಪಿಸುವ ಕೆಲಸ ಹಿಂದೆ ಬೀಳುವುದು ಇಲ್ಲಿಯೇ.

ಕಾನೂನು ಈ ಬಗ್ಗೆ ಮೌನವಾಗಿಲ್ಲ. ಪೋಷಕರೊಂದಿಗೆ ನಿಯತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಕಾ ಸಾಮರ್ಥ್ಯ ಮತ್ತು ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಹೇಳುತ್ತದೆ. ಆದರೆ ಕಾಯ್ದೆಯ ವ್ಯಾಪ್ತಿ ಎಂಟನೇ ತರಗತಿಗೆ ಕೊನೆಗೊಳ್ಳುತ್ತದೆ. ಪಾಠ ಕಠಿಣವಾಗುವ ಒಂಬತ್ತು, ಹತ್ತನೇ ತರಗತಿಗಳು ಅದರ ಹೊರಗಿವೆ.

ಫಲಿತಾಂಶ ಸಿದ್ಧವಿದ್ದೂ ಪೋಷಕರಿಗೆ ಸಿಗದ ವಿಲಕ್ಷಣ ಪ್ರಸಂಗವನ್ನೂ ರಾಜ್ಯ ಕಂಡಿದೆ. 2024ರ ಮಾರ್ಚ್‌ನಲ್ಲಿ 5, 8 ಮತ್ತು 9ನೇ ತರಗತಿಗಳಿಗೆ ಮಂಡಳಿ ಮಟ್ಟದ ಪರೀಕ್ಷೆ ನಡೆದಿತ್ತು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ನೀಡಿ, ಪ್ರಕಟವಾಗಿದ್ದರೂ ಅದನ್ನು ಯಾವುದಕ್ಕೂ ಪರಿಗಣಿಸಬಾರದು, ಪೋಷಕರಿಗೂ ತಿಳಿಸಬಾರದು ಎಂದು ಆದೇಶಿಸಿತು. ಖಾಸಗಿ ಶಾಲೆಗಳ ಸಂಘಟನೆಗಳು ಮತ್ತು ಸರ್ಕಾರದ ನಡುವಿನ ಈ ವ್ಯಾಜ್ಯದಲ್ಲಿ ಮಕ್ಕಳು ಬೇಸಿಗೆ ರಜೆಯನ್ನು ಅನಿಶ್ಚಿತತೆಯಲ್ಲೇ ಆರಂಭಿಸಬೇಕಾಯಿತು.

ಹಾಸನದ ಅನುಭವ

ಅರಸೀಕೆರೆ, ಬೇಲೂರು ಎರಡೂ ತಾಲ್ಲೂಕುಗಳು ಹಾಸನ ಜಿಲ್ಲೆಗೆ ಸೇರಿವೆ. ಹಳೇಬೀಡು ಇರುವುದು ಬೇಲೂರು ತಾಲ್ಲೂಕಿನಲ್ಲಿ. 2019ರ ಏಪ್ರಿಲ್ 30ರಂದು ಪ್ರಕಟವಾದ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಾಸನ ಶೇ 89.33ರೊಂದಿಗೆ ರಾಜ್ಯಕ್ಕೆ ಪ್ರಥಮ ಸ್ಥಾನ ಗಳಿಸಿತ್ತು. ರಾಜ್ಯದ ಸರಾಸರಿ ಆಗ ಶೇ 73.70. ಯಶಸ್ಸಿನ ಶ್ರೇಯ ಯಾರಿಗೆ ಸಲ್ಲಬೇಕೆಂಬ ಚರ್ಚೆಗೆ ರಾಜಕೀಯದ ಬಣ್ಣವೂ ಬಂತು. ಶ್ರೇಯಕ್ಕಾಗಿ ಪೈಪೋಟಿ ನಡೆಯುವುದು ಹತ್ತನೇ ತರಗತಿಗೆ ಮಾತ್ರ. ಒಂಬತ್ತನೇ ತರಗತಿಯ ‘ಬಿ’ ಯಾವ ಜಿಲ್ಲಾ ಶ್ರೇಯಾಂಕದಲ್ಲೂ ಕಾಣಿಸಿಕೊಳ್ಳುವುದಿಲ್ಲ.

ಸಭೆ ಕರೆಯುವ ದಿನವೂ ಮುಖ್ಯ. 2025ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ಸಂದರ್ಭದಲ್ಲಿ, ಸರ್ಕಾರಿ ಶಾಲೆಗಳಲ್ಲಿ ಪೋಷಕರು ಮತ್ತು ಶಿಕ್ಷಕರ ಬೃಹತ್ ಸಭೆಗೆ ರಾಜ್ಯ ಸರ್ಕಾರ ಸೂಚಿಸಿತ್ತು. ಆಶಯ ಸ್ವಾಗತಾರ್ಹ. ಆದರೆ ಅರಸೀಕೆರೆಯ ಬಯಲು ಸೀಮೆಯಲ್ಲಿ ಅದು ರಾಗಿ ಕಟಾವು ಸಮೀಪಿಸುವ ಹೊತ್ತು. ಬೇಲೂರಿನ ಮಲೆನಾಡು ಭಾಗದಲ್ಲಿ ಅರೇಬಿಕಾ ಕಾಫಿ ಹಣ್ಣಾಗುವ ಕಾಲ. ಕೊನೆಯ ಎರಡು ಎಫ್‌ಎಗಳ ಅಂಕ ಬರುವಾಗಲೂ ತೋಟಗಳಲ್ಲಿ ಕೊಯ್ಲು ನಡೆದಿರುತ್ತದೆ. ದಿನಗೂಲಿ ಬಿಟ್ಟು ಶಾಲೆಗೆ ಬನ್ನಿ ಎನ್ನುವುದಕ್ಕಿಂತ ಸಂಜೆ ಒಂದು ದೂರವಾಣಿ ಕರೆ ಹೆಚ್ಚು ಫಲಕಾರಿ ಎಂಬುದು ಈ ವರದಿಗಾರನ ಅಭಿಪ್ರಾಯ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಡೀ ತರಗತಿಯ ಅಂಕ ಹಾಕುವುದು ಮಾತ್ರ ಸಂವಹನವಲ್ಲ, ಹಿಂದುಳಿದ ಮಗುವಿಗೆ ಅವಮಾನ.

ಪೋಷಕರು ಕೇಳಬೇಕಾದ ಪ್ರಶ್ನೆ ‘ಎಷ್ಟು ಬಂತು’ ಎಂಬುದಲ್ಲ. ತಿದ್ದಿದ ಉತ್ತರ ಪತ್ರಿಕೆಯನ್ನು ನೋಡಬಹುದೇ, ಯಾವ ಪಾಠ ಅರ್ಥವಾಗಿಲ್ಲ, ಮುಂದಿನ ಎಫ್‌ಎ ಯಾವಾಗ ಎಂದು ವಿಚಾರಿಸಬೇಕು. ಓದುಬರಹ ಬಾರದ ತಾಯಿಯೂ ಕೇಳಬಹುದಾದ ಪ್ರಶ್ನೆಗಳಿವು.

ಹತ್ತನೇ ತರಗತಿಯಲ್ಲಿ ಈ ಅಂಕಗಳು ನೇರವಾಗಿ ಲೆಕ್ಕಕ್ಕೆ ಬರುತ್ತವೆ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ 125 ಆಂತರಿಕ ಮೌಲ್ಯಮಾಪನದ್ದು: ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಗಳಿಗೆ ತಲಾ 20. ಆಂತರಿಕ ಹಾಗೂ ಲಿಖಿತ ಅಂಕ ಸೇರಿ ಒಟ್ಟು ಶೇ 33, ಅಂದರೆ 206 ಅಂಕ, ಜೊತೆಗೆ ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಪಡೆದರೆ ತೇರ್ಗಡೆ ಎಂಬ ನಿಯಮವನ್ನು ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದೆ. ಲಿಖಿತ ಪರೀಕ್ಷೆಯ ಅಂಕದ ಬಗ್ಗೆ ಅನುಮಾನವಿದ್ದವರು ಶುಲ್ಕ ತೆತ್ತು ಉತ್ತರ ಪತ್ರಿಕೆಯ ನಕಲು ಪಡೆದು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲು ಅವಕಾಶವಿದೆ. ಎಫ್‌ಎ ಅಂಕಗಳನ್ನು ಪ್ರಶ್ನಿಸುವುದಿದ್ದರೆ ಶಾಲೆಯಲ್ಲಿಯೇ, ಅವು ಮಂಡಳಿಗೆ ಹೋಗುವ ಮೊದಲೇ ವಿಚಾರಿಸುವುದು ಒಳಿತು.