ಗಣಿಯ ಲಾಭ, ದಿಬ್ಬದ ಋಣ

ಪುತ್ತೂರು, ಸುಳ್ಯ, ಕಡಬದ ಕಡೆಯ ನಮಗೆ ಸುರಂಗವೆಂದರೆ ನೀರು. ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದು, ಒಸರುವ ನೀರನ್ನು ಅಡಕೆ ತೋಟಕ್ಕಿಳಿಸಿದ ಹಿರಿಯರ ಕಸುಬು ಅದು. ಕೊರೆದ ಮಣ್ಣಿನಿಂದ ಯಾರಿಗೂ ಕೇಡಿರಲಿಲ್ಲ. ಆದರೆ ನೆಲವನ್ನು ಲೋಹಕ್ಕಾಗಿ ಅಗೆದಾಗ, ಮೇಲೆ ತಂದುದಕ್ಕಿಂತ ಬಿಟ್ಟುಹೋದುದರ ಲೆಕ್ಕವೇ ದೊಡ್ಡದಾಗುತ್ತದೆ.

ಕೋಲಾರದ ಚಿನ್ನದ ಗಣಿಯನ್ನೇ ನೋಡಬಹುದು. 1880ರಲ್ಲಿ ಜಾನ್ ಟೇಲರ್ ಕಂಪೆನಿ ಅಲ್ಲಿ ಕಾಲೂರಿತು. 1902ರಲ್ಲಿ ಆ ಗಣಿಗೆಂದೇ ಶಿವನಸಮುದ್ರದಿಂದ ವಿದ್ಯುತ್ತು ಹರಿಯಿತು. ಸುಮಾರು 800 ಟನ್ನು ಚಿನ್ನ ಕೊಟ್ಟ ಬಳಿಕ, 2001ರಲ್ಲಿ ಗಣಿ ಮುಚ್ಚಿತು. ಚಿನ್ನ ಊರು ಬಿಟ್ಟಿತು. ಸಯನೈಡಿನಲ್ಲಿ ತೊಳೆದ ಕಲ್ಲಿನ ಪುಡಿ, ಮೂರು ಕೋಟಿ ಟನ್ನಿಗೂ ಮಿಕ್ಕು, ದಿಬ್ಬಗಳಾಗಿ ಊರಲ್ಲೇ ಉಳಿಯಿತು. ಅದರ ಧೂಳು ಕಾರ್ಮಿಕರ ಮಕ್ಕಳ ಪಾಲಿಗೆ ಬಂದಿತು.

ಯುರೇನಿಯಮ್ಮಿನಲ್ಲಿ ಈ ಲೆಕ್ಕ ಇನ್ನೂ ಕಠಿನ. ಈಗಿನ ಝಾರ್ಖಂಡಿನ ಜಾದೂಗುಡದಲ್ಲಿ 1951ರಲ್ಲಿ ಅದರ ಅದಿರು ಪತ್ತೆಯಾಯಿತು. 1967ರಲ್ಲಿ ಭಾರತ ಯುರೇನಿಯಂ ನಿಗಮ ಸ್ಥಾಪನೆಗೊಂಡಿತು. ಅಲ್ಲಿನ ಒಂದು ಟನ್ನು ಅದಿರಿನಲ್ಲಿ ಸಿಗುವ ಯುರೇನಿಯಂ ಒಂದು ಕಿಲೋವನ್ನೂ ಮುಟ್ಟದು. ಉಳಿದುದೆಲ್ಲ ನುಣ್ಣನೆಯ ರಾಡಿಯಾಗಿ ಕೊಳವನ್ನು ಸೇರುತ್ತದೆ. ಅದಿರಿನ ವಿಕಿರಣದಲ್ಲಿ ನೂರಕ್ಕೆ ಸುಮಾರು 85 ಪಾಲು ಆ ರಾಡಿಯಲ್ಲಿಯೇ ನಿಲ್ಲುತ್ತದೆ. ಅದರೊಳಗಿನ ರೇಡಿಯಮ್ಮಿನ ಅರ್ಧಾಯುಷ್ಯವೇ 1600 ವರ್ಷ. ನಮ್ಮ ಹಲ್ಮಿಡಿ ಶಾಸನದ ವಯಸ್ಸೂ ಸುಮಾರು ಅಷ್ಟೇ!

ಅದಿರನ್ನು ತೆಗೆಯುವ ದಾರಿಗಳು ಮೂರು. ಮೇಲಿನಿಂದ ತೆರೆದು ಅಗೆಯುವುದು ಅಗ್ಗ. ಆದರೆ ಅದು ಹೊಲಗದ್ದೆಗಳನ್ನು ನುಂಗುತ್ತದೆ. ಗಣಿಬಾವಿ ತೋಡಿ ಆಳಕ್ಕಿಳಿದರೆ ಮೇಲಿನ ನೆಲ ಉಳಿಯುತ್ತದೆ, ವೆಚ್ಚ ಏರುತ್ತದೆ. ಕಾರ್ಮಿಕರ ಉಸಿರಿಗೆ ರೇಡಾನ್ ಅನಿಲ ಸೇರದಂತೆ ಸದಾ ಗಾಳಿಯೂದಬೇಕಾಗುತ್ತದೆ. ಮೂರನೆಯದು ಕಝಾಕಸ್ತಾನದಲ್ಲಿ ರೂಢಿಯಲ್ಲಿರುವುದು: ಕೊಳವೆಬಾವಿಗಳಿಂದ ದ್ರಾವಣವನ್ನಿಳಿಸಿ, ಯುರೇನಿಯಂ ಕರಗಿದ ನೀರನ್ನಷ್ಟೇ ಮೇಲೆತ್ತುವುದು. ಇದರಲ್ಲಿ ಖರ್ಚು ಕಡಿಮೆ, ದಿಬ್ಬವೂ ಇಲ್ಲ. ಆದರೆ ಅಂತರ್ಜಲ ಕೆಡುವ ಭಯವುಂಟು. ಅಲ್ಲದೆ ನೀರು ಹಾಯುವ ಮರಳುಗಲ್ಲಿನಂಥ ಪದರಗಳಿಗೇ ಇದು ಒಗ್ಗುತ್ತದೆ.

ಕನ್ನಡನಾಡಿನಲ್ಲಿ ಈ ಪ್ರಶ್ನೆ ಎದ್ದುದು ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಗೋಗಿಯಲ್ಲಿ. ಬಿಜಾಪುರದ ಆದಿಲಶಾಹಿಯ ಮೊದಲ ಸುಲ್ತಾನರ ಗೋರಿಗಳಿರುವ ಊರದು. ಕಳೆದ ಶತಮಾನದ ಕೊನೆಗೆ ಅಲ್ಲಿ ಕಂಡ ಅದಿರು ಜಾದೂಗುಡದ್ದಕ್ಕಿಂತ ಎಷ್ಟೋ ಸತ್ತ್ವಶಾಲಿ. ಪರೀಕ್ಷಾರ್ಥವಾಗಿ ಗಣಿಬಾವಿಯನ್ನೂ ತೋಡಿದರು. ಸುಣ್ಣಕಲ್ಲಿನ ನೆಲವಾದುದರಿಂದ, ಆಮ್ಲ ಸುರಿದರೆ ಸುಣ್ಣವೇ ಅದನ್ನು ಕುಡಿದುಬಿಡುತ್ತದೆ; ಅಲ್ಲಿನ ಅದಿರನ್ನು ಕ್ಷಾರದಲ್ಲಿ ಕರಗಿಸಬೇಕು. ನಿಗಮಕ್ಕೆ ಅದು ಅಪರೂಪದ ಅದಿರು. ಊರವರಿಗೆ ಮುಖ್ಯವಾದುದು ಹೊಲ ಮತ್ತು ಕುಡಿಯುವ ನೀರು. ಅವರು ಗಣಿಯನ್ನು ವಿರೋಧಿಸಿದರು.

ಇದನ್ನು ಬರಿಯ ಹಟವೆನ್ನಲಾಗದು. ನಾಡಿಗೆ ವಿದ್ಯುತ್ತು ಬೇಡವೆನ್ನಲೂ ಆಗದು. ಕೈಗಾದ ಒಂದನೆಯ ಘಟಕವು ಸ್ವದೇಶದ ಇಂಧನದಿಂದಲೇ, 2018ರ ಕೊನೆಯವರೆಗೆ 962 ದಿನ ನಿಲ್ಲದೆ ನಡೆಯಿತು. ಆ ಬೆಳಕನ್ನು ಕರ್ನಾಟಕದ ಮನೆಗಳೂ ಉಂಡಿವೆ. ಆದುದರಿಂದ ಬೆಳಕುಂಡವರಿಗೆ ದಿಬ್ಬದ ಹೊಣೆಯೂ ಇದೆ. ರಾಡಿಕೊಳದ ತಳಕ್ಕೆ ನೀರಿಳಿಯದ ಹಾಸು, ಮೇಲೆ ಮಣ್ಣಿನ ಹೊದಿಕೆ, ಊರ ಬಾವಿಗಳ ಪರೀಕ್ಷೆ, ಗಣಿ ಮುಚ್ಚಿದ ಮೇಲೂ ಇವನ್ನು ನಡೆಸಲು ಬೇಕಾದ ಹಣ: ಇಷ್ಟನ್ನೂ ಮೊದಲ ದಿನವೇ ವೆಚ್ಚದಲ್ಲಿ ಬರೆಯಬೇಕು. ಬರೆದ ಮೇಲೂ ಲಾಭ ಉಳಿಯುವುದಾದರೆ ಊರವರ ಮುಂದೆ ಹೋಗಿ ಕೇಳಬಹುದು. ಕೋಲಾರದಲ್ಲಿ ಆ ಲೆಕ್ಕವನ್ನು ಹಾಕದೆಯೇ ಗಣಿ ತೆರೆದಿದ್ದರು.