ಮೂರನೆಯ ಸೀರೆ

ಹೋದ ವರ್ಷ ದೀಪಾವಳಿ ಮುಗಿದ ಮರುವಾರ ಬೆಂಗಳೂರಿನಿಂದ ನನ್ನ ತಂಗಿಯ ಮಗಳ ಫೋನು ಬಂತು. ಗಂಡ ಹೆಂಡತಿ ಕೂಡಿ ಆಫ್ರಿಕಾದ ಕೀನ್ಯಾ, ತಾಂಜಾನಿಯಾ ದೇಶಗಳ ಕಾಡು ನೋಡಲು ಹೊರಟಿದ್ದರು. ಸಿಂಹದ ಸುದ್ದಿ, ಆನೆಯ ಸುದ್ದಿ ಹೇಳುತ್ತಾಳೆಂದು ನಾನು ಕಿವಿಗೊಟ್ಟರೆ ಅವಳ ಚಿಂತೆಯೇ ಬೇರೆ.

"ದೊಡ್ಡವ್ವಾ, ಕಾಡಿಗೆ ಹೋಗೋ ಸಣ್ಣ ವಿಮಾನದಾಗ ಬರೇ 15 ಕಿಲೋ ಸಾಮಾನ ಬಿಡ್ತಾರಂತ. ಅದೂ ಮೆತ್ತನ್ನ ಚೀಲದಾಗ ಇರಬೇಕಂತ. ಒಂಬತ್ತು ದಿವಸ ಇರಬೇಕು, ಫೋಟೋದಾಗ ಛಂದನೂ ಕಾಣಬೇಕು. ಏನ ಒಯ್ಯಲಿ, ಏನ ಬಿಡಲಿ?"

ವಿಮಾನದ ಮೆಟ್ಟಿಲು ಹತ್ತದ ನನ್ನನ್ನು ಕೇಳುತ್ತಾಳಲ್ಲ ಎಂದು ನಗು ಬಂತು. ಆಮೇಲೆ ಅವಳು ಒಂದು ಪಟ್ಟಿಯನ್ನೂ ಓದಿ ಹೇಳಿದಳು. ಬಟ್ಟೆಯ ಬಣ್ಣ ಒಣಹುಲ್ಲಿನಂತೆ, ಮಣ್ಣಿನಂತೆ ಇರಬೇಕು. ಕಡುನೀಲಿ, ಕಪ್ಪು ಬೇಡ, ಆ ಬಣ್ಣಕ್ಕೆ ಸೆಟ್ಸಿ ಎಂಬ ಕಚ್ಚುವ ನೊಣ ಮುತ್ತುತ್ತದೆ. ಪ್ಲಾಸ್ಟಿಕ್ ಚೀಲ ತರಲೇಬಾರದು. ಕೀನ್ಯಾ 2017ರಲ್ಲಿ, ತಾಂಜಾನಿಯಾ 2019ರಲ್ಲಿ ಅವನ್ನು ನಿಷೇಧಿಸಿವೆ. ಇಷ್ಟು ಕೇಳಿ ಫೋನು ಇಟ್ಟ ಮೇಲೆ ನನಗೆ ನೆನಪಾದದ್ದು ಆಫ್ರಿಕಾ ಅಲ್ಲ. ನನ್ನ ಆಯಿ, ಅಂದರೆ ಅವ್ವನ ತಾಯಿ, ಶ್ರೀಶೈಲಕ್ಕೆ ನಡೆದು ಹೋಗುವಾಗ ಕಟ್ಟುತ್ತಿದ್ದ ಗಂಟು.

ಸಫಾರಿ ಅಂದರೆ ನಮ್ಮ ಕಡೆ ಬಹಳ ವರ್ಷ ಗೊತ್ತಿದ್ದದ್ದು ಸಫಾರಿ ಸೂಟು ಒಂದೇ. ಮದುವೆಯ ಗಂಡಿಗೆ ಅದನ್ನು ಹೊಲಿಸದಿದ್ದರೆ ಬೀಗರಿಗೆ ಸಮಾಧಾನವಿರಲಿಲ್ಲ. ನಿಜವಾಗಿ ಅದು ಆಫ್ರಿಕಾದ ಸ್ವಾಹಿಲಿ ಭಾಷೆಯ ಶಬ್ದ. ಪ್ರಯಾಣ ಎಂದಷ್ಟೇ ಅದರ ಅರ್ಥ. ಮೂಲ ಅರಬ್ಬಿಯ 'ಸಫರ್'. ನಮ್ಮ ವಿಜಯಪುರದ ಬಜಾರಿನಲ್ಲಿ ಇಂದಿಗೂ ಕಿವಿಗೆ ಬೀಳುವ 'ಸಫರ್' ಕೂಡ ಅದೇ. ಹಾಗಿದ್ದ ಮೇಲೆ ಹುಲಿ ಇರುವ ಕಾಡಿನೊಳಗೆ ಬರಿಗಾಲಿನಲ್ಲಿ ನಡೆದ ಆಯಿಯ ಪ್ರಯಾಣಕ್ಕೆ ಸಫಾರಿ ಎನ್ನಲು ಅಡ್ಡಿ ಏನು?

ನಾನು ಹುಟ್ಟಿದ್ದು ಸಿಂದಗಿ ತಾಲೂಕು, ಆಯಿಯ ಊರು ಮುದ್ದೇಬಿಹಾಳ ತಾಲೂಕು, ನನ್ನನ್ನು ಕೊಟ್ಟದ್ದು ಇಂಡಿಗೆ, ನೌಕರಿ ಸಿಕ್ಕಿದ್ದು ಬಸವನ ಬಾಗೇವಾಡಿಯಲ್ಲಿ. ಈ ನಾಲ್ಕೂ ಕಡೆ ಒಂದು ವಿದ್ಯೆ ಎಲ್ಲ ಹೆಂಗಸರಿಗೂ ಬರುತ್ತಿತ್ತು. ಅದು ಗಂಟು ಕಟ್ಟುವ ವಿದ್ಯೆ. ಭಕ್ತಿಗಿಂತ ಮೊದಲು ಅದನ್ನು ಕಲಿಸಿದ್ದು ಬರಗಾಲ. 1876ರಿಂದ 78ರ ತನಕ ಬಿದ್ದ ಬರದಲ್ಲಿ ಕಲಾದಗಿ ಜಿಲ್ಲೆ ಎನ್ನಿಸಿಕೊಂಡಿದ್ದ ನಮ್ಮ ಸೀಮೆಯಿಂದ ಜನ ಊರಿಗೆ ಊರೇ ಬಿಟ್ಟು ಹೋದರು. ಹೊತ್ತು ನಡೆಯಲು ಆಗುವುದೆಷ್ಟು, ಬಿಟ್ಟರೆ ಬದುಕು ನಿಲ್ಲುವುದು ಯಾವುದು ಎಂಬ ಲೆಕ್ಕ ಆ ಹೆಂಗಸರಿಗೆ ಪಾಟಿಯ ಮೇಲೆ ಬರೆದು ಕಲಿಸಿದ್ದಲ್ಲ.

ಆ ಬರದ ನಂತರ 1884ರಲ್ಲಿ ಹೋಟಗಿ–ಗದಗ ರೈಲು ಬಂತು. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ಸ್ಟೇಶನ್ನುಗಳಾದವು. ಎರಡರ ಹೆಸರಿನಲ್ಲೂ ಇರುವ 'ರೋಡ್' ಎಂಬ ಮಾತಿನ ಅರ್ಥ ಊರು ಇನ್ನೂ ದೂರವಿದೆ ಎಂದು. ಸಿಂದಗಿ, ಮುದ್ದೇಬಿಹಾಳದವರಿಗೆ ಅದೂ ಇರಲಿಲ್ಲ. ರೈಲಿನ ಬೆನ್ನಿಗೆ ಕಬ್ಬಿಣದ ಟ್ರಂಕು, ಹಾಸಿಗೆ ಸುತ್ತುವ ಹೋಲ್ಡಾಲು ಬಂದವು. ಎತ್ತಲು ಹಮಾಲರಿದ್ದರು. ಹೊರುವ ತಲೆ ಬೇರೆಯವರದ್ದಾದಾಗ ಸಾಮಾನು ತಾನಾಗಿಯೇ ಬೆಳೆಯುತ್ತದೆ.

ಇದು ನಮ್ಮೂರಿನ ಮಾತಷ್ಟೇ ಅಲ್ಲ. ಅಮೆರಿಕದ ಅಧ್ಯಕ್ಷಗಿರಿ ಮುಗಿಸಿದ ಥಿಯೋಡೋರ್ ರೂಸ್‌ವೆಲ್ಟ್ 1909ರಲ್ಲಿ ಪೂರ್ವ ಆಫ್ರಿಕಾಕ್ಕೆ ಬೇಟೆಗೆ ಹೋದಾಗ ಅವನ ಹಿಂದೆ ಇನ್ನೂರಕ್ಕೂ ಹೆಚ್ಚು ಹೊರೆಯಾಳುಗಳಿದ್ದರು. ಡೇರೆ, ಪೆಟ್ಟಿಗೆ, ಪ್ರಾಣಿಗಳ ಚರ್ಮ ಕೆಡದಂತೆ ಹಾಕಲು ಟನ್ನುಗಟ್ಟಲೆ ಉಪ್ಪು, ಓದಲು ಒಂದು ಪೆಟ್ಟಿಗೆ ತುಂಬ ಪುಸ್ತಕ, ಎಲ್ಲವೂ ಅವರ ತಲೆಯ ಮೇಲೆ. ಒಬ್ಬೊಬ್ಬನ ಪಾಲಿಗೆ 60 ಪೌಂಡು, ಅಂದರೆ 27 ಕಿಲೋದಷ್ಟು. ಅದೇ ಖಂಡದ ಪಶ್ಚಿಮ ಭಾಗದಲ್ಲಿ 1893 ಮತ್ತು 1895ರಲ್ಲಿ ತಿರುಗಾಡಿದ ಇಂಗ್ಲೆಂಡಿನ ಮೇರಿ ಕಿಂಗ್‌ಸ್ಲಿಯ ಕಥೆ ಬೇರೆ. ಕಾಡಿಗೆ ಹೋಗುತ್ತೇನೆಂದು ಗಂಡಸರ ಷರಾಯಿ ತೊಡಲು ಆಕೆ ಒಪ್ಪಲಿಲ್ಲ. ತನ್ನ ಊರಿನ ದಪ್ಪ ಉದ್ದ ಲಂಗದಲ್ಲಿಯೇ ನಡೆದಳು. ಒಮ್ಮೆ ಪ್ರಾಣಿಗಳನ್ನು ಹಿಡಿಯಲು ತೋಡಿ ಚೂಪು ಗೂಟ ನೆಟ್ಟ ಗುಂಡಿಯೊಳಗೆ ಬಿದ್ದಾಗ ಆಕೆಯನ್ನು ಉಳಿಸಿದ್ದು ಆ ದಪ್ಪ ಲಂಗವೇ. ಇದನ್ನು ಓದಿದಾಗ ನನಗೆ ಆಯಿಯ ಇಳಕಲ್ ಸೀರೆ ಕಣ್ಣಮುಂದೆ ಬಂತು.

1979ರ ಬೇಸಿಗೆ ಸಮೀಪಿಸಿದ್ದ ದಿನಗಳು. ನಾನು ನಾಲ್ಕನೆಯ ಇಯತ್ತೆ. ಯುಗಾದಿಗೆ ಶ್ರೀಶೈಲ ಮುಟ್ಟಲು ಕಂಬಿ ಮಲ್ಲಯ್ಯನ ಸಂಗಡ ಊರಿನವರು ಎರಡು ವಾರ ಮೊದಲೇ ಹೊರಡುತ್ತಿದ್ದರು. ಕೃಷ್ಣೆ ದಾಟಿ, ರಾಯಚೂರು ಸೀಮೆ ಹಿಡಿದು, ತುಂಗಭದ್ರೆ ದಾಟಿ, ಕರ್ನೂಲಿನ ಆಚೆ ಆತ್ಮಕೂರು ಸೇರಿದರೆ ಅಲ್ಲಿಂದ ಮುಂದೆ ನಲ್ಲಮಲ ಕಾಡು. ಎಲ್ಲ ಕೂಡಿ ಮುನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿ.

ಪಡಸಾಲೆಯಲ್ಲಿ ಆಯಿ ಒಂದು ಹಳೆಯ ಕೌದಿ ಹಾಸಿದಳು. ಅದರ ಮೇಲೆ ಒಂದು ತಂಬಿಗೆ, ವಿಭೂತಿ ಗಟ್ಟಿ, ಎಲೆಅಡಿಕೆಯ ಸಂಚಿ, ಸೂಜಿದಾರ. ಬೇರೆ ಅರಿವೆಯಲ್ಲಿ ಬುತ್ತಿ. ಸಜ್ಜೆಯ ಖಡಕ್ ರೊಟ್ಟಿ ಒಂದರ ಮೇಲೊಂದು, ಶೇಂಗಾ ಹಿಂಡಿ, ಅಗಸಿ ಹಿಂಡಿ, ಒಂದಿಷ್ಟು ಬೆಲ್ಲ. ಒಣಗಿಸಿ ಬೇಯಿಸಿದ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ, ತೂಕವೂ ಇಲ್ಲ. ಅರ್ಧ ದಾರಿಗೆ ಅದು ಮುಗಿದರೆ ದಾರಿಯ ಊರುಗಳ ದಾಸೋಹವಿತ್ತು. ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಬಹಳ ದಿನ ಬಾಳುವುದಿಲ್ಲ ಎಂಬ ಗಾದೆ ಗೊತ್ತಿದ್ದೇ ಆಯಿ ಬುತ್ತಿ ಕಡಿಮೆ ಕಟ್ಟುತ್ತಿದ್ದಳು.

ಇನ್ನು ಬಟ್ಟೆ. ಮೈಮೇಲೆ ಒಂದು ಇಳಕಲ್ ಸೀರೆ, ಗಂಟಿನಲ್ಲಿ ಒಂದು. ನೂಲಿನ ಒಡಲು, ರೇಷ್ಮೆಯ ಕೆಂಪು ಸೆರಗು. ಇಳಕಲ್ಲಿನ ನೇಕಾರರು ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುತ್ತಾರೆ, ಕೋಟೆಯ ಹಲ್ಲಿನಂಥ ಬಿಳಿಯ ತೋಪ ತೆನಿ ನೇಯುತ್ತಾರೆ. 2007ರಲ್ಲಿ ಸರಕಾರದಿಂದ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ಆ ಸೀರೆಗೇ. ಆಯಿಗೆ ಅದು ನಡೆಯುವ ಮನೆಯಾಗಿತ್ತು. ಕಚ್ಚೆ ಹಾಕಿದರೆ ಕಲ್ಲುದಾರಿಯಲ್ಲಿ ಕಾಲಿಗೆ ತೊಡಕಿಲ್ಲ. ಕಡುನೀಲಿ ಬಣ್ಣ, ಧೂಳು ಕಾಣುವುದಿಲ್ಲ. ಸೆರಗು ಬಿಸಿಲಿಗೆ ಕೊಡೆ, ರಾತ್ರಿ ಹೊದಿಕೆ. ಸೆರಗಿನ ತುದಿಯ ಗಂಟು ಹಣದ ಚೀಲ. ಸಂಜೆ ಹಳ್ಳದಲ್ಲಿ ಹಿಂಡಿ ಹಾಕಿದರೆ ಬೆಳಗಿಗೆ ಒಣಗಿರುತ್ತದೆ. ಗುಳೇದಗುಡ್ಡದ ಖಣದ ಕುಪ್ಪಸ, ಹಣೆಯ ತುಂಬ ವಿಭೂತಿ. ಇಷ್ಟರಲ್ಲಿ ಆಯಿ ಊರ ಅಗಸಿ ದಾಟುವಾಗ ಕಂಡ ಕಳೆ ನಾನು ಆಮೇಲೆ ಯಾವ ಮದುವೆಯ ಮಂಟಪದಲ್ಲೂ ಕಂಡಿಲ್ಲ.

ಕೊನೆಗೆ ಗಂಟು ಬಿಗಿಯುವ ಮೊದಲು ಅವಳು ಇನ್ನೂ ಒಂದು ಸೀರೆ ಇಟ್ಟಳು. ಘಳಿಗೆ ಮುರಿಯದ ಹೊಸ ಸೀರೆ, ಹಸಿರು, ಅಗಲ ದಡಿಯದು.

"ಎರಡ ಸಾಕಂದಿ, ಮತ್ತ ಮೂರು ಯಾಕ?" ಎಂದು ನಾನು ಕೇಳಿದೆ.

"ಎರಡು ನನಗ, ಒಂದು ಮಗಳಿಗೆ," ಅಂದಳು ಆಯಿ.

ಮಗಳು ಎಂದರೆ ಭ್ರಮರಾಂಬೆ. ಶ್ರೀಶೈಲದ ಮಲ್ಲಿಕಾರ್ಜುನನ ಮಡದಿ ಕನ್ನಡಿಗರ ಮನೆಮಗಳು, ಮಲ್ಲಯ್ಯ ನಮ್ಮ ಅಳಿಯ ಎಂದು ನಮ್ಮ ಕಡೆಯವರ ನಂಬಿಕೆ. ಮಗಳ ಮನೆಗೆ ಹಬ್ಬಕ್ಕೆ ಹೋಗುವವರು ಬರಿಗೈಯಲ್ಲಿ ಹೋಗುತ್ತಾರೆಯೇ? ಸೀರೆ, ಖಣ, ಬಳೆ, ಅರಿಷಿಣ ಕುಂಕುಮ ಒಯ್ಯುತ್ತಾರೆ. ಯುಗಾದಿಯ ಜಾತ್ರೆಗೆ ಕರ್ನಾಟಕದ ಜನವೇ ತುಂಬಿರುವುದು ಅದಕ್ಕೇ.

ಮುಂದೆ ನಾನು ಶಾಲೆಯ ಅಕ್ಕೋರಾದೆ. ಪ್ರತಿ ವರ್ಷ ಅಕ್ಕಮಹಾದೇವಿಯ ಪಾಠ ಮಾಡಬೇಕು. 12ನೆಯ ಶತಮಾನದಲ್ಲಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದವಳು. ಉಟ್ಟ ಸೀರೆಯನ್ನೂ ಬಿಟ್ಟು ಕೂದಲನ್ನೇ ಹೊದ್ದವಳು ಎಂದು ಪರಂಪರೆ ಹೇಳುತ್ತದೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಅಕ್ಕೋರ, ಅಕ್ಕ ಬುತ್ತಿ ಏನ ಒಯ್ದಿದ್ಲರಿ?" ಎಂದು ಕೇಳಿದಳು. ವರ್ಗವೆಲ್ಲ ನಕ್ಕಿತು, ನಾನೂ ನಕ್ಕೆ. ಆ ಪ್ರಶ್ನೆ ಮಾತ್ರ ಮನಸ್ಸಿನಲ್ಲಿ ಉಳಿಯಿತು. ಅಕ್ಕನಷ್ಟು ಬಿಡಲು ನಮಗಾಗದು. ಆಯಿಯಷ್ಟು ಬಿಡಲಾದರೂ ಆಗಬಾರದೇ?

ಆಗಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. 2002ರ ಯುಗಾದಿ ಏಪ್ರಿಲ್ 13ಕ್ಕೆ ಬಿದ್ದಿತ್ತು. ಪರೀಕ್ಷೆ ಮುಗಿದಿದ್ದವು. ಇಡೀ ದಾರಿ ನಡೆಯಲು ರಜೆ ಸಾಲದು, ಕಾಡಿನ ದಾರಿಯನ್ನಾದರೂ ನಡೆಯೋಣವೆಂದು ಜೀಪಿನಲ್ಲಿ ಆತ್ಮಕೂರಿಗೆ ಹೋಗಿ ನಮ್ಮ ಕಡೆಯ ಪಾದಯಾತ್ರಿಗಳನ್ನು ಕೂಡಿಕೊಂಡೆ. ನನ್ನ ಹೊಸ ಚೀಲದಲ್ಲಿ ಏನಿರಲಿಲ್ಲ! ಐದು ಸೀರೆ, ಅವಕ್ಕೆ ಒಪ್ಪುವ ಕುಪ್ಪಸ, ಕನ್ನಡಿ, ಎರಡು ಜೋಡು ಚಪ್ಪಲಿ, ಯುಗಾದಿ ದಿನಕ್ಕೆಂದು ಒಂದು ರೇಷ್ಮೆ ಸೀರೆ ಬೇರೆ. ಎಲ್ಲಕ್ಕಿಂತ ಭಾರ, ರಾತ್ರಿ ಕುಳಿತು ತಿದ್ದೋಣವೆಂದು ತಂದಿದ್ದ ಉತ್ತರಪತ್ರಿಕೆಗಳ ಕಟ್ಟು.

ವೆಂಕಟಾಪುರ, ನಾಗಲೂಟಿ, ಪೆದ್ದ ಚೆರುವು ದಾಟಿ ಭೀಮುನಿ ಕೊಲನುವಿನ ಕಡೆ ಹೋಗುವ ದಾರಿ. ರೆಡ್ಡಿ ಅರಸು ಪ್ರೋಲಯ ವೇಮನು 14ನೆಯ ಶತಮಾನದಲ್ಲಿ ಶ್ರೀಶೈಲದ ಯಾತ್ರಿಕರಿಗೆ ಮೆಟ್ಟಿಲು ಕಟ್ಟಿಸಿದನೆಂದು ಇತಿಹಾಸದಲ್ಲಿದೆ. ಚೆಂಚು ಜನರ ಕಾಡು ಅದು. 1983ರಿಂದ ಹುಲಿ ಯೋಜನೆಗೆ ಸೇರಿದ್ದು. ಹುಲಿ ಕಾಣಲಿಲ್ಲ. ಸಾವಿರಾರು ಜನ ಒಂದೇ ದನಿಯಲ್ಲಿ ಮಲ್ಲಯ್ಯನನ್ನು ಕೂಗುತ್ತ ಹೋಗುವಾಗ ಅದಾದರೂ ಯಾಕೆ ಬಂದೀತು? ಇಳಿಜಾರಿನಲ್ಲಿ ನನ್ನ ಚೀಲದ ಪಟ್ಟಿ ಹರಿಯಿತು. ಸೀರೆಗಳು ಕಲ್ಲಿನ ಮೇಲೆ, ಉತ್ತರಪತ್ರಿಕೆಗಳು ಮುಳ್ಳುಕಂಟಿಯ ಮೇಲೆ. ಹಿಂದೆ ಬರುತ್ತಿದ್ದವರು ಒಂದೊಂದೇ ಹಾಳೆ ಆರಿಸಿ ಕೊಟ್ಟರು. ಸಿಂದಗಿ ಕಡೆಯ ಒಬ್ಬ ಮುದುಕಿ ನನ್ನ ಪಕ್ಕ ಕುಳಿತು ಸೀರೆಗಳನ್ನು ಮಡಿಸಿ ಕೊಡುತ್ತ ಕೇಳಿದಳು:

"ಅಕ್ಕೋರ, ಇದರಾಗ ಮಗಳ ಸೀರಿ ಯಾವುದ್ರಿ?"

ನಾನು ಬಾಯಿ ಮುಚ್ಚಿಕೊಂಡೆ. ಐದು ಇದ್ದವು, ಮೇಲೊಂದು ರೇಷ್ಮೆಯದೂ ಇತ್ತು. ಎಲ್ಲವೂ ನನ್ನವೇ.

ಮುದುಕಿಯ ತಲೆಯ ಮೇಲೆ ಒಂದು ಸಣ್ಣ ಗಂಟು. ಅವಳೇ ನನ್ನ ಹಳೆಯ ಸೀರೆಯೊಂದನ್ನು ಬಿಚ್ಚಿ, ನಾಲ್ಕು ಮೂಲೆ ಕೂಡಿಸಿ, ಎಲ್ಲವನ್ನೂ ಗಂಟು ಕಟ್ಟಿ ನನ್ನ ಬೆನ್ನಿಗೆ ಏರಿಸಿದಳು. ಯುಗಾದಿಯ ದಿನ ನಾನು ರೇಷ್ಮೆ ಸೀರೆಯನ್ನು ಭ್ರಮರಾಂಬೆಗೆ ಅರ್ಪಿಸಿ, ಮುಳ್ಳು ಗೀಚಿದ ನೂಲಿನ ಸೀರೆಯಲ್ಲಿ ದರ್ಶನಕ್ಕೆ ನಿಂತೆ. ಸುತ್ತ ನಿಂತ ಹೆಂಗಸರೆಲ್ಲ ಹಾಗೆಯೇ ಇದ್ದರು. ಬಿಸಿಲಿಗೆ ಕಂದಿದ ಮುಖ, ಧೂಳು ಮೆತ್ತಿದ ದಡಿ, ಕೈಯಲ್ಲಿ ಮಾತ್ರ ಘಳಿಗೆ ಮುರಿಯದ ಹೊಸ ಸೀರೆ.

ಊರಿಗೆ ಬಂದು ಅವ್ವನ ಮುಂದೆ ಇದನ್ನು ನಗುತ್ತ ಹೇಳಿದೆ. ಅವ್ವ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ನಾನು ಅಲ್ಲಿಯವರೆಗೆ ಕೇಳಿರದ ಮಾತು ಹೇಳಿದಳು. ಅವ್ವನಿಗಿಂತ ದೊಡ್ಡವಳು ಒಬ್ಬಳು ಅಕ್ಕ ಇದ್ದಳಂತೆ. ಚೊಚ್ಚಲ ಬಸುರಿಗೆ ಕುಬಸ ಮಾಡಿ ಕರೆತರಬೇಕೆಂದು ಆಯಿ ಹಸಿರು ಸೀರೆ ತಂದಿಟ್ಟಿದ್ದಳು. ಕುಬಸದ ದಿನ ಬರುವ ಮೊದಲೇ ಮಗಳು ಗಂಡನ ಮನೆಯಲ್ಲಿ ತೀರಿಕೊಂಡಳು. ಸೀರೆ ಟ್ರಂಕಿನಲ್ಲಿ ಉಳಿಯಿತು. ಮುಂದಿನ ಯುಗಾದಿಗೆ ಆಯಿ ಅದನ್ನು ಗಂಟಿನಲ್ಲಿ ಕಟ್ಟಿಕೊಂಡು ಮೊದಲ ಸಲ ಶ್ರೀಶೈಲಕ್ಕೆ ನಡೆದಳು. ಆಮೇಲೆ ಹೋದಾಗಲೆಲ್ಲ ಒಂದು ಹಸಿರು ಸೀರೆ. 1979ರದ್ದು ಅವಳ ಕೊನೆಯ ನಡಿಗೆ.

ಒಂದು ಸೀರೆಗೆ ಮುಕ್ಕಾಲು ಕಿಲೋ ತೂಕವೂ ಇರಲಿಕ್ಕಿಲ್ಲ. ಅದಕ್ಕೆ ಜಾಗ ಮಾಡಲೆಂದೇ ಅವಳು ಉಳಿದದ್ದನ್ನೆಲ್ಲ ಕಡಿಮೆ ಮಾಡುತ್ತಿದ್ದಳೆಂದು ನನಗೆ ಅಂದು ತಿಳಿಯಿತು.

ತಂಗಿಯ ಮಗಳಿಗೆ ಮರುದಿನ ನಾನೇ ಫೋನು ಮಾಡಿದೆ. ನಮ್ಮ ಕಡುನೀಲಿ ಸೀರೆ ಆ ನೊಣಗಳ ಊರಿಗೆ ಸಲ್ಲದು, ಮಣ್ಣಿನ ಬಣ್ಣದ ನೂಲಿನ ಬಟ್ಟೆ ಎರಡು ಮೂರು ಜೊತೆ ಸಾಕು, ರಾತ್ರಿ ತೊಳೆದು ಹಾಕು, ಕೊರಳಿಗೆ ಒಂದು ಖಣದ ಅಂಚಿನ ಮೇಲುವಸ್ತ್ರ ಸುತ್ತಿಕೋ, ಫೋಟೋಕ್ಕೆ ಅದೇ ಛಂದ ಎಂದು ಹೇಳಿದೆ. ಆಮೇಲೆ ಇಳಕಲ್ಲಿನ ಒಂದು ಹೊಸ ಸೀರೆ ಕೊರಿಯರ್ ಮಾಡಿದೆ. ಹಸಿರು, ಅಗಲ ದಡಿಯದು.

"ಇದನ್ನ ಅಲ್ಲಿ ಯಾವಾಗ ಉಡಲಿ ದೊಡ್ಡವ್ವಾ?"

"ಉಡಬ್ಯಾಡ. ಯಾರಿಗರೆ ಕೊಡಬೇಕನ್ನಿಸಿದ್ರ ಇರಲಿ."

ಅವಳು ಸಂಕ್ರಾಂತಿಗೆ ಮೊದಲು ತಿರುಗಿ ಬಂದಳು. ಸಿಂಹದ ಫೋಟೋ ನೂರಾರು ತೋರಿಸಿದಳು. ಒಂದರಲ್ಲಿ ಡೇರೆಯ ಅಡಿಗೆಮನೆಯ ಮುಂದೆ ಒಬ್ಬ ಹಿರಿಯ ಹೆಂಗಸು ನಿಂತಿದ್ದಳು. ಅವಳ ಹೆಗಲ ಮೇಲೆ ಅಗಲ ದಡಿಯ ಹಸಿರು ಸೀರೆ, ಘಳಿಗೆ ಮುರಿಯದ ಹಾಗೆಯೇ ಇತ್ತು.