ಹೇಳಿಯೇ ಬರುವ ಪ್ರವಾಹ

ಆಗಸ್ಟ್ ಬಂತು ಅಂದ್ರೆ ನಮ್ಮ ಸ್ಕ್ರೀನ್ ಮೇಲೆ ಕೆಂಪು ಪಟ್ಟಿ ಓಡೋಕೆ ಶುರು: ‘ನಾರಾಯಣಪುರ ಜಲಾಶಯದಿಂದ ಕೃಷ್ಣೆಗೆ ನೀರು, ನಡುಗಡ್ಡೆ ಜನರ ಸಂಪರ್ಕ ಕಡಿತ.’ ಊರುಗಳ ಹೆಸರೂ ಹೆಚ್ಚುಕಡಿಮೆ ಅವೇ. ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿ, ಲಿಂಗಸುಗೂರು ತಾಲ್ಲೂಕಿನ ಕರಕಲಗಡ್ಡಿ, ರಾಯಚೂರು ತಾಲ್ಲೂಕಿನ ಕುರ್ವಕಲಾ, ಕುರ್ವಕುರ್ದಾ. ಮಳೆಗಾಲ ಬಂದಾಗಲೆಲ್ಲ ಬರೋ ಸುದ್ದಿಗೆ ‘ಬ್ರೇಕಿಂಗ್’ ಅಂತ ಹೆಸರಿಡೋದು ಹೇಗೆ ಸ್ವಾಮಿ? ಇವತ್ತು ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಸುಮಾರು 1520. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಅಲ್ಲಿನ ಜನ ಹೊಳೆ ದಾಟುವ ದೋಣಿಯನ್ನು ವರ್ಣಿಸಿದ್ದಾನೆ. ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು-ಇಪ್ಪತ್ತು ಜನ ಹಿಡಿಸುವಷ್ಟು ದೊಡ್ಡದು. ನಮ್ಮ ಹರಿಗೋಲು! 1871ರಲ್ಲಿ ಬೊಂಬಾಯಿ ಕಡೆಯ ರೈಲು ಕೃಷ್ಣೆಯನ್ನು ದಾಟಿ ಬಂದು ರಾಯಚೂರಿನಲ್ಲಿ ಮದರಾಸಿನ ಹಳಿಗೆ ಸೇರಿತು. ಅದಾಗಿ 150 ವರ್ಷ ಕಳೆದರೂ ಅದೇ ನದಿಯ ಗಡ್ಡಿಗಳಲ್ಲಿ ಹರಿಗೋಲಿನ ಕೆಲಸ ಮುಗಿದಿಲ್ಲ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ, ಅಷ್ಟೇ.

ನದಿ ಮಾತ್ರ ಬದಲಾಯ್ತು. 1964ರ ಮೇ 22ರಂದು, ಪ್ರಧಾನಿಯಾಗುವ ಕೆಲವೇ ದಿನ ಮೊದಲು, ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ಆಲಮಟ್ಟಿ, ನಾರಾಯಣಪುರ ಎರಡೂ ಅಣೆಕಟ್ಟು ಎದ್ದವು. ಬರದ ನಾಡಿಗೆ ನೀರು ಸಿಕ್ಕಿತು, ಅದನ್ನು ಮರೆಯಬಾರದು. ಆದರೆ ಅಂದಿನಿಂದ ಗಡ್ಡಿಯವರು ಮುಗಿಲು ನೋಡಿ ನೆರೆ ಊಹಿಸುವ ಕಾಲ ಹೋಯ್ತು. ಮಳೆ ಸುರಿಯೋದು ಮಹಾರಾಷ್ಟ್ರದ ಘಟ್ಟದಲ್ಲಿ. ಇಲ್ಲಿ ಬಿಸಿಲು ಹೊಡೀತಿರುವಾಗಲೇ ಕಾಲಡಿಗೆ ನೀರು ಬರಬಹುದು.

ನಾನು ಓದಿದ್ದು ಇಂಜಿನಿಯರಿಂಗ್, ಲೆಕ್ಕ ಹಾಕದೆ ಸಮಾಧಾನ ಇಲ್ಲ. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28 ಲೀಟರ್. 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ ಬಿಟ್ಟಿದ್ದು 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು. ಅಂದ್ರೆ ಪ್ರತಿ ಸೆಕೆಂಡಿಗೆ, ಹತ್ತು ಸಾವಿರ ಲೀಟರಿನ 1,400 ಟ್ಯಾಂಕರ್ ನೀರು! ಇದರ ಎದುರಿಗೆ ಒಂದು ಬುಟ್ಟಿ.

2009ರ ನೆರೆ ಬೇರೆ ಥರದ್ದು. ಆಗ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಯೇ ಊರುಗಳನ್ನು ಮುಳುಗಿಸಿತು, 200ಕ್ಕೂ ಹೆಚ್ಚು ಜನ ಸತ್ತರು. ಅದನ್ನು ಅನಿರೀಕ್ಷಿತ ಅನ್ನಬಹುದು. ಗೇಟು ಎತ್ತಿ ಬಿಡೋ ನೀರನ್ನು ಹಾಗನ್ನೋಕಾಗುತ್ತಾ? ಎಷ್ಟು ಬಿಡ್ತೀವಿ ಅಂತ ಬಿಡುವವರಿಗೆ ಗೊತ್ತು. ಹೊಳೆಗೆ ಇಳೀಬೇಡಿ ಅಂತ ದಂಡೆಯ ಊರುಗಳಲ್ಲಿ ಡಂಗುರವನ್ನೂ ಸಾರಿಸ್ತಾರೆ.

2013ರ ಮಳೆಗಾಲ ನೆನಪಿಸಿಕೊಳ್ಳಿ. ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬಳು ಹೆರಿಗೆಗೆ ಆಸ್ಪತ್ರೆ ಬೇಕು ಅಂತ, ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತುಂಬಿದ ಕೃಷ್ಣೆಯನ್ನು ಈಜಿ ದಡ ಸೇರಿದಳು. ದೇಶವೇ ಆಕೆಯ ಧೈರ್ಯ ಹೊಗಳಿತು. ಹೊಗಳಬೇಕಾದದ್ದೇ. ಆದರೆ ಯೋಚಿಸಿ: ಗರ್ಭಿಣಿಯ ತಾಯಿ ಕಾರ್ಡ್‌ನಲ್ಲಿ ಹೆರಿಗೆಯ ದಿನ ತಿಂಗಳುಗಳ ಮೊದಲೇ ಬರೆದಿರುತ್ತೆ. ನದಿ ಯಾವ ತಿಂಗಳು ತುಂಬುತ್ತೆ ಅಂತ ಊರಿಗೇ ಗೊತ್ತು. ಈ ಎರಡು ದಿನಾಂಕಗಳನ್ನು ಒಬ್ಬ ಅಧಿಕಾರಿ ಅಕ್ಕಪಕ್ಕ ಇಟ್ಟು ನೋಡಿದ್ದರೆ, ಆಕೆ ಜೂನ್‌ನಲ್ಲೇ ಹರಿಗೋಲು ಹತ್ತಿ ಆರಾಮಾಗಿ ಈಚೆ ದಡಕ್ಕೆ ಬರಬಹುದಿತ್ತು.

‘ಗಡ್ಡಿ ಬಿಟ್ಟು ಬಂದುಬಿಡಿ’ ಅನ್ನೋದು ಸುಲಭ. ಹೊಲ, ದನ, ಮನೆದೇವರು ಎಲ್ಲಾ ಅಲ್ಲೇ ಇರುವಾಗ ಬರಿಗೈಲಿ ಯಾರು ಬರ್ತಾರೆ? ಸೇತುವೆಯೋ ಪುನರ್ವಸತಿಯೋ ಆಗೋವರೆಗೆ ಮಾಡಬೇಕಾದ್ದು ದೊಡ್ಡದೇನಲ್ಲ. ಮುಂಗಾರಿಗೆ ಮೊದಲೇ ಎರಡು ತಿಂಗಳ ರೇಷನ್, ದನಕ್ಕೆ ಮೇವು, ಹಾವಿನ ಕಡಿತಕ್ಕೆ ಔಷಧಿ, ಲೈಫ್ ಜಾಕೆಟ್, ಒಂದು ಮೋಟಾರ್ ಬೋಟ್.

2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಯೋಜನೆ ಇರಬೇಕು, ಅದನ್ನು ವರ್ಷಕ್ಕೊಮ್ಮೆ ತಿದ್ದಬೇಕು. ಆಗಸ್ಟ್‌ನಲ್ಲಿ ‘ಬೋಟ್ ಎಲ್ಲಿ?’ ಅಂತ ನಾವೆಲ್ಲಾ ಕೂಗ್ತೀವಿ. ಮೇ ತಿಂಗಳಲ್ಲಿ, ಹೊಳೆ ಒಣಗಿರುವಾಗ, ನಮ್ಮ ವರದಿಗಾರರೂ ನೀವೂ ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಂದು ಮಾತು ಕೇಳಬೇಕು: ಈ ವರ್ಷ ಗಡ್ಡಿಗಳಲ್ಲಿ ಎಷ್ಟು ಜನ ಬಸುರಿಯರಿದ್ದಾರೆ, ಸಾಹೇಬ್ರೇ?